ಮನೆಗೆ ಬಾಡಿಗೆಯಿಲ್ಲ, ಹಣಕ್ಕೆ ಬಡ್ಡಿಯಿಲ್ಲ

ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬ ಬಾನುಲಿಯಲ್ಲಿ ಕುಳಿತು, ಮನೆ ಕಟ್ಟಿಸಿ ಬಾಡಿಗೆಗೆ ಕೊಡುವ ವ್ಯವಹಾರದ ಹಣಕಾಸನ್ನು ಕುರಿತು ಮಾತನಾಡುವುದು ಕೆಲವು ಕೇಳುಗರಿಗೆ ವಿಚಿತ್ರವೆನಿಸಬಹುದು. ಆದರೆ ಈ ವಿಷಯ ನನ್ನನ್ನು ಹುಡುಕಿಕೊಂಡು ಬಂದದ್ದು ಭಾಷೆಯ ದಾರಿಯಿಂದಲೇ. ಬೆಂಗಳೂರಿನ ಉತ್ತರ ಭಾಗದಲ್ಲಿ, ಜಾಲಹಳ್ಳಿಗೂ ಚಿಕ್ಕಬಾಣಾವರಕ್ಕೂ ನಡುವಣ ಅಬ್ಬಿಗೆರೆಯಲ್ಲಿ ನನ್ನ ವಾಸ. ಅಲ್ಲಿ ನನ್ನನ್ನು ನೋಡಲು ಬರುವವರಲ್ಲಿ ಪಂಪ, ಕುಮಾರವ್ಯಾಸರ ವಿಚಾರ ಕೇಳುವವರು ವಿರಳ. ಕೈಯಲ್ಲಿ ಛಾಪಾ ಕಾಗದ ಹಿಡಿದು, 'ಮೇಷ್ಟ್ರೇ, ಇದರಲ್ಲಿ ಏನು ಬರೆದಿದೆ, ಸ್ವಲ್ಪ ಓದಿ ಹೇಳಿ' ಎನ್ನುವವರೇ ಹೆಚ್ಚು. ಪತ್ರಬರಹಗಾರರ ಕನ್ನಡವೆಂಬುದು ಒಂದು ಪ್ರತ್ಯೇಕ ಕನ್ನಡ. ಸದರಿ, ಮೊಬಲಗು, ಚಕ್ಕುಬಂದಿ, ಬಿಕ್ಕಲಂ ಇವೆಲ್ಲ ಹಳೆಯ ಕಚೇರಿಗಳಿಂದ ಉಳಿದುಬಂದ ಮಾತುಗಳು. ಹಳಗನ್ನಡ ಬಲ್ಲವರಿಗೂ ಅಲ್ಲಿ ಒಮ್ಮೊಮ್ಮೆ ಕಾಲು ತೊಡರುತ್ತದೆ.

ಹಾಗೆ ಓದಿಕೊಡುವಾಗ ಮತ್ತೆ ಮತ್ತೆ ಎದುರಾಗುವ ಒಂದು ವಾಕ್ಯವುಂಟು. ಮನೆಯನ್ನು ಭೋಗ್ಯಕ್ಕೆ ಹಾಕಿಕೊಳ್ಳುವ ಕರಾರುಗಳಲ್ಲಿ ಅದು ತಪ್ಪದೆ ಬರುತ್ತದೆ: ಮನೆಗೆ ಬಾಡಿಗೆಯಿಲ್ಲ, ಹಣಕ್ಕೆ ಬಡ್ಡಿಯಿಲ್ಲ. ಎಷ್ಟು ಚೊಕ್ಕವಾದ ಮಾತು! ಎರಡು ತಟ್ಟೆಯೂ ಸಮನಾದ ತಕ್ಕಡಿಯಂತೆ ಕಾಣುತ್ತದೆ. ಆದರೆ ಅದರ ಎರಡು ಭಾಗಗಳೂ ನಿಜವಲ್ಲ. ಮನೆಗೆ ಬಾಡಿಗೆಯೂ ಉಂಟು, ಹಣಕ್ಕೆ ಬಡ್ಡಿಯೂ ಉಂಟು. ಒಂದನ್ನು ಇನ್ನೊಂದರ ಹಿಂದೆ ಬಚ್ಚಿಡಲಾಗಿದೆ, ಅಷ್ಟೆ. ಬಾಡಿಗೆಯ ಆದಾಯವನ್ನು ನಂಬಿ ಮೊದಲ ಬಾರಿಗೆ ಮನೆ ಕಟ್ಟಲು ಹೊರಡುವವರು ಈ ವಾಕ್ಯವನ್ನು ಬಿಡಿಸಿ ನೋಡಬೇಕೆಂಬುದು ಈ ಹೊತ್ತಿನ ನನ್ನ ಮಾತಿನ ಉದ್ದೇಶ.

ಮೊದಲು ನಮ್ಮ ಊರಿನ ಸಂಗತಿ. ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದುಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆ ಬಂತು, ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಬಂತು. ಆಮೇಲೆ ಪೀಣ್ಯದ ಕೈಗಾರಿಕಾ ಪ್ರದೇಶ ಬೆಳೆಯಿತು. ಕಾರ್ಖಾನೆಯ ವಸತಿಗೃಹಗಳಲ್ಲಿ ಬಾಳಿದವರು ನಿವೃತ್ತರಾಗುವ ಹೊತ್ತಿಗೆ ಸುತ್ತಣ ಹಳ್ಳಿಗಳಲ್ಲಿ ನಿವೇಶನ ಹುಡುಕಿದರು. ಭವಿಷ್ಯನಿಧಿಯ ಹಣ, ಸ್ವಯಂ ನಿವೃತ್ತಿಯ ಹಣ ಇಟ್ಟಿಗೆ ಸಿಮೆಂಟಾಗಿ ಮೇಲೆದ್ದಿತು. ಅತ್ತ ಸೋಲದೇವನಹಳ್ಳಿಯ ಕಡೆ ಕಾಲೇಜುಗಳಾದವು, ಇತ್ತ 2015ರ ಮೇ ತಿಂಗಳಲ್ಲಿ ಜಾಲಹಳ್ಳಿ ದಾಸರಹಳ್ಳಿಗಳ ಮೇಲೆ ಮೆಟ್ರೋ ರೈಲು ಓಡತೊಡಗಿತು. ಹೆಸರಿನಲ್ಲೇ ಕೆರೆಯನ್ನು ಇಟ್ಟುಕೊಂಡಿರುವ ನಮ್ಮ ಅಬ್ಬಿಗೆರೆಯಲ್ಲಿ ಈಗ ಮೂವತ್ತು-ನಲವತ್ತರ ನಿವೇಶನದಲ್ಲಿ ಮೂರು ನಾಲ್ಕು ಅಂತಸ್ತು ಏಳುವುದು ಸಾಮಾನ್ಯ ದೃಶ್ಯ. ಕೆಳಗೆ ಮನೆಯ ಯಜಮಾನರು, ಮೇಲೆ ನರ್ಸಿಂಗ್ ಓದುವ ಹುಡುಗಿಯರು, ಕಾರ್ಖಾನೆಯ ಯುವಕರು, ಹೊಸದಾಗಿ ಮದುವೆಯಾದವರು. ಹಿಂದಿನ ಕಾಲದ ವಠಾರ ಅಡ್ಡಡ್ಡಲಾಗಿ ಹರಡಿತ್ತು, ಇಂದಿನದು ನೆಟ್ಟಗೆ ನಿಂತಿದೆ. ನಲ್ಲಿಯ ಜಗಳಕ್ಕೆ ಬದಲಾಗಿ ನೀರಿನ ಮೋಟಾರಿನ ಜಗಳ ಬಂದಿದೆ.

ಇಂಥ ಮನೆಯ ಲೆಕ್ಕವನ್ನು ನೋಡೋಣ. ಅಂಕಿಗಳು ಉದಾಹರಣೆಗೆ ಮಾತ್ರ. ಕೇಳುಗರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬಹುದು. ನಿವೇಶನ ಸ್ವಂತದ್ದು. ಕೆಳಗೆ ತಾವಿರಲು ಒಂದು ಮನೆ, ಮೇಲೆ ಬಾಡಿಗೆಗೆ ನಾಲ್ಕು ಸಣ್ಣ ಮನೆಗಳು. ಕಟ್ಟಡದ ವೆಚ್ಚ 50 ಲಕ್ಷ ರೂಪಾಯಿ ಎಂದು ಇಟ್ಟುಕೊಳ್ಳೋಣ. ಬ್ಯಾಂಕು ಪೂರ್ತಿ ಹಣ ಕೊಡುವುದಿಲ್ಲ. ಗೃಹಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕು 2015ರಲ್ಲಿ ಹಾಕಿಕೊಟ್ಟ ಮಿತಿ ಹೀಗಿದೆ: 30 ಲಕ್ಷದವರೆಗಿನ ಸಾಲಕ್ಕೆ ಸ್ವತ್ತಿನ ಮೌಲ್ಯದ ಶೇಕಡ 90, ಅದಕ್ಕೆ ಮೇಲ್ಪಟ್ಟು 75 ಲಕ್ಷದವರೆಗೆ ಶೇಕಡ 80, ಅದನ್ನೂ ಮೀರಿದರೆ ಶೇಕಡ 75. ಇದು ಗರಿಷ್ಠ ಮಿತಿ. ನಿಮ್ಮ ವರಮಾನ ಮತ್ತು ವಯಸ್ಸು ನೋಡಿ ಬ್ಯಾಂಕು ಇನ್ನೂ ಕಡಮೆ ಕೊಡಬಹುದು. ನಮ್ಮ ಉದಾಹರಣೆಯಲ್ಲಿ 40 ಲಕ್ಷ ಸಾಲ, 10 ಲಕ್ಷ ಕೈಯಿಂದ.

ಶೇಕಡ 9ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಒಂದು ಲಕ್ಷ ಸಾಲ ತಂದರೆ ತಿಂಗಳ ಕಂತು ಸುಮಾರು 900 ರೂಪಾಯಿ. ಮೊದಲ ತಿಂಗಳು ಕಟ್ಟುವ ಆ 900ರಲ್ಲಿ 750 ಬಡ್ಡಿಗೆ ಹೋಗುತ್ತದೆ, ಅಸಲಿಗೆ ಸಲ್ಲುವುದು 150 ಮಾತ್ರ. ಮೂರು ವರ್ಷ ತಪ್ಪದೆ 36 ಕಂತುಗಳಲ್ಲಿ 32,400 ರೂಪಾಯಿ ಕಟ್ಟಿ, ಈಗೆಷ್ಟು ಉಳಿದಿದೆ ಎಂದು ಕೇಳಿದರೆ, ಬ್ಯಾಂಕಿನವರು 93,800ರ ಸುಮಾರಿನ ಒಂದು ಅಂಕಿಯನ್ನು ಹೇಳುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಚಕ್ರಗಣಿತ ನಡೆಯುವುದೇ ಹಾಗೆ. ಆದರೆ ಆ ಅಂಕಿಯನ್ನು ಮೂರು ವರ್ಷಗಳ ಅನಂತರ ಕೇಳುವುದಕ್ಕಿಂತ ಸಾಲದ ಅರ್ಜಿಗೆ ರುಜು ಹಾಕುವ ಮೊದಲೇ ಕೇಳಿರುವುದು ಮೇಲು.

ನಲವತ್ತು ಲಕ್ಷಕ್ಕೆ ಕಂತು 36,000 ರೂಪಾಯಿ. ನಾಲ್ಕು ಮನೆಗಳಿಂದ ತಲಾ 9,000ದಂತೆ ಬಾಡಿಗೆಯೂ 36,000. ಆಹಾ, ಸರಿಹೋಯಿತು, ಸಾಲ ತನ್ನಷ್ಟಕ್ಕೆ ತೀರುತ್ತದೆ ಎನ್ನುತ್ತಾರೆ. ಇಲ್ಲಿಯೇ ಸ್ವಲ್ಪ ನಿಲ್ಲಬೇಕು. ಒಕ್ಕಲು ಬಿಟ್ಟುಹೋದ ಮನೆಗೆ ಸುಣ್ಣ ಬಣ್ಣ ಮಾಡಿಸಿ ಇನ್ನೊಬ್ಬರು ಬರುವ ಹೊತ್ತಿಗೆ ಒಂದು ತಿಂಗಳು ಕಳೆಯುತ್ತದೆ. ವರ್ಷಕ್ಕೊಂದು ತಿಂಗಳು ಪ್ರತಿ ಮನೆಯೂ ಖಾಲಿ ಎಂದುಕೊಂಡರೆ ಸರಾಸರಿ ಬಾಡಿಗೆ 33,000ಕ್ಕೆ ಇಳಿಯಿತು. ಅದರಲ್ಲಿ ಆಸ್ತಿ ತೆರಿಗೆ, ಬೇಸಗೆಯಲ್ಲಿ ನೀರಿನ ಟ್ಯಾಂಕರು, ಸುಟ್ಟುಹೋದ ಮೋಟಾರು, ಸೋರುವ ಕೊಳಾಯಿ ಎಲ್ಲ ಕಳೆಯಬೇಕು. ಆದಾಯ ತೆರಿಗೆಯ ಲೆಕ್ಕದಲ್ಲಿ ಬಾಡಿಗೆಯಿಂದ ಪಾಲಿಕೆಯ ತೆರಿಗೆ ಕಳೆದು, ಉಳಿದದ್ದರಲ್ಲಿ ಶೇಕಡ 30ನ್ನು ದುರಸ್ತಿ ಇತ್ಯಾದಿಗಳಿಗೆಂದು ಬಿಟ್ಟುಕೊಡುತ್ತಾರೆ, ಸಾಲದ ಬಡ್ಡಿಯನ್ನೂ ಕಳೆಯಲು ಅವಕಾಶವಿದೆ. ಅದು ನೆರವೇನೋ ನಿಜ. ಆದರೂ ಕಂತಿನ ದಿನ ಕೈಯಲ್ಲಿ ಕೊರತೆ ಇದ್ದೇ ಇರುತ್ತದೆ. ಆ ಕೊರತೆಯನ್ನು ಸಂಬಳದಿಂದಲೋ ಪಿಂಚಣಿಯಿಂದಲೋ ತುಂಬುವ ಶಕ್ತಿ ಇದ್ದವರು ಮಾತ್ರ ಈ ಕೆಲಸಕ್ಕೆ ಕೈಹಾಕಬೇಕು. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ಬೀಗಮುದ್ರೆ ಬಿದ್ದಾಗ ಬೆಂಗಳೂರಿನಲ್ಲಿ ಎಷ್ಟೊಂದು ಮಂದಿ ಮನೆ ಖಾಲಿಮಾಡಿ ಊರಿಗೆ ಮರಳಿದರೆಂಬುದು ನೆನಪಿದೆಯಲ್ಲವೆ? ನಮ್ಮ ಬೀದಿಯಲ್ಲಿ ಮನೆಗೊಂದರಂತೆ 'ಬಾಡಿಗೆಗೆ ಇದೆ' ಎಂಬ ಹಲಗೆ ತೂಗಿತ್ತು.

ಕೈಯಿಂದ ಹಾಕಬೇಕಾದ 10 ಲಕ್ಷವೂ ಇಲ್ಲ, ತಿಂಗಳ ಕೊರತೆ ತುಂಬುವ ದಾರಿಯೂ ಇಲ್ಲ ಎನ್ನುವವರ ಮುಂದೆ ಭೋಗ್ಯ ಬಂದು ನಿಲ್ಲುತ್ತದೆ. ನಾಲ್ಕರಲ್ಲಿ ಎರಡು ಮನೆಗಳನ್ನು ತಲಾ 9 ಲಕ್ಷಕ್ಕೆ ಮೂರು ವರ್ಷ ಭೋಗ್ಯಕ್ಕೆ ಕೊಟ್ಟರೆ ಒಮ್ಮೆಗೇ 18 ಲಕ್ಷ ಕೈಸೇರುತ್ತದೆ. ಬಡ್ಡಿಯಿಲ್ಲದ ಹಣ! ಬಡ್ಡಿಯಿಲ್ಲವೆ? ಆ ಮನೆಯಿಂದ ಬರಬಹುದಾಗಿದ್ದ 9,000 ರೂಪಾಯಿ ಬಾಡಿಗೆಯನ್ನು ತಿಂಗಳು ತಿಂಗಳು ಬಿಟ್ಟುಕೊಟ್ಟಿದ್ದೀರಿ. ವರ್ಷಕ್ಕೆ 1,08,000. ಒಂಬತ್ತು ಲಕ್ಷಕ್ಕೆ ಇದು ಶೇಕಡ 12ರ ಬಡ್ಡಿಯಾಯಿತು. ಶೇಕಡ 9 ಕೇಳುವ ಬ್ಯಾಂಕಿಗಿಂತ ದುಬಾರಿ. ಮೇಲಾಗಿ ಬ್ಯಾಂಕಿನ ಅಸಲು ಆಮೆಯಂತಾದರೂ ಕರಗುತ್ತದೆ, ಭೋಗ್ಯದ ಅಸಲು ಕೂದಲೆಳೆಯಷ್ಟೂ ಕರಗುವುದಿಲ್ಲ. ಮೂರು ವರ್ಷ ತುಂಬಿದ ದಿನ ಇಡೀ ಗಂಟನ್ನು ಒಂದೇ ಸಲ ಎಣಿಸಿಕೊಡಬೇಕು.

ಆ ಹಣವನ್ನು ಎಲ್ಲಿಂದ ತರುತ್ತಾರೆ? ಹೊಸ ಭೋಗ್ಯದಾರರನ್ನು ಹಿಡಿದು ಅವರ ಹಣದಿಂದ ಹಳಬರನ್ನು ಕಳುಹಿಸುತ್ತಾರೆ. ನಡೆಯುವಷ್ಟು ದಿನ ಇದು ಸುಸೂತ್ರವಾಗಿ ನಡೆಯುತ್ತದೆ. ಹೊಸಬರು ಒಂದು ಲಕ್ಷ ಕಡಮೆ ಕೇಳಿದರೆ, ಅಥವಾ ಮೂರು ತಿಂಗಳು ಯಾರೂ ಬಾರದಿದ್ದರೆ ಹಗ್ಗ ಹರಿಯುತ್ತದೆ. ಭೋಗ್ಯದ ಹಣವನ್ನು ಬ್ಯಾಂಕಿನ ಸಾಲಕ್ಕೆ ಜಮಾ ಮಾಡಿದವರು ಕಂತನ್ನು ಹಗುರಮಾಡಿಕೊಂಡಂತಾಯಿತು, ನಿಜ; ಆದರೆ ಜಮಾ ಆದ ಹಣವನ್ನು ಬ್ಯಾಂಕು ಮೂರು ವರ್ಷಗಳ ಮೇಲೆ ಹಿಂದಕ್ಕೆ ಕೊಡಲೇಬೇಕೆಂದೇನಿಲ್ಲ. ಅದೇ ಹಣದಿಂದ ಇನ್ನೊಂದು ಅಂತಸ್ತು ಎಬ್ಬಿಸಿ, ಅದನ್ನೂ ಭೋಗ್ಯಕ್ಕೆ ಹಾಕಿ ಮತ್ತೊಂದು ಎಬ್ಬಿಸುವವರನ್ನೂ ಕಂಡಿದ್ದೇನೆ. ಮಗಳ ಮದುವೆಗೆ ಬಳಸಿದವರ ವಿಷಯ ನಾನು ಎತ್ತುವುದಿಲ್ಲ.

ನನ್ನ ಓದಿನ ಅಭ್ಯಾಸ ಸುಮ್ಮನಿರಗೊಡುವುದಿಲ್ಲವಾದ್ದರಿಂದ, ಭೋಗ್ಯದ ಪೂರ್ವಚರಿತ್ರೆಯ ಒಂದು ಮಾತು. ಕಲ್ಯಾಣದ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ವಿಜ್ಞಾನೇಶ್ವರ ಬರೆದ ಮಿತಾಕ್ಷರಾ, ಯಾಜ್ಞವಲ್ಕ್ಯ ಸ್ಮೃತಿಯ ವ್ಯಾಖ್ಯಾನ. ಅದನ್ನು ನಾವು ದಾಯಭಾಗದ ಸಂದರ್ಭದಲ್ಲಿ ಮಾತ್ರ ನೆನೆಯುತ್ತೇವೆ. ಆದರೆ ಅದರ ವ್ಯವಹಾರಾಧ್ಯಾಯದಲ್ಲಿ ಸಾಲಕ್ಕೆ ಇಡುವ ಒತ್ತೆಯ ವಿಚಾರವೂ ಇದೆ. ಒತ್ತೆಗೆ ಅಲ್ಲಿ 'ಆಧಿ' ಎಂದು ಹೆಸರು. ಆಧಿಯಲ್ಲಿ ಎರಡು ಬಗೆ: ಕಾದಿಡಬೇಕಾದದ್ದು ಗೋಪ್ಯ, ಉಪಯೋಗಿಸಬಹುದಾದದ್ದು ಭೋಗ್ಯ. ಒಡವೆಯನ್ನು ಒತ್ತೆಯಿಟ್ಟುಕೊಂಡವನು ಅದನ್ನು ತೊಟ್ಟು ಮೆರೆದರೆ ಬಡ್ಡಿಯ ಹಕ್ಕನ್ನು ಕಳೆದುಕೊಳ್ಳುತ್ತಾನೆ. ಹೊಲವನ್ನೋ ತೋಟವನ್ನೋ ಭೋಗ್ಯಕ್ಕೆ ಪಡೆದವನಿಗೆ ಬೆಳೆಯೇ ಬಡ್ಡಿ. ಅಂಥ ಸ್ವತ್ತು ಎಷ್ಟು ಕಾಲ ಕಳೆದರೂ ಒಡೆಯನಿಗೆ ನಷ್ಟವಾಗದು, ಅಸಲು ತೀರಿಸಿದ ದಿನ ಬಿಡಿಸಿಕೊಳ್ಳಬಹುದು.

ಗಮನಿಸಬೇಕಾದದ್ದು ಇದು: ಧರ್ಮಶಾಸ್ತ್ರ ಭೋಗ್ಯವನ್ನು ಮನೆಬಾಡಿಗೆಯ ಅಧ್ಯಾಯದಲ್ಲಿ ಇಡಲಿಲ್ಲ, ಸಾಲದ ಅಧ್ಯಾಯದಲ್ಲಿ ಇಟ್ಟಿತು. ಹಣ ಕೊಟ್ಟು ಮನೆಯಲ್ಲಿ ಕುಳಿತವನು ಬಾಡಿಗೆದಾರನಲ್ಲ, ಸಾಲ ಕೊಟ್ಟ ಧನಿಕ. ಮನೆಯ ಯಜಮಾನನೇ ಸಾಲಗಾರ. 1882ರ ಸ್ವತ್ತು ವರ್ಗಾವಣೆ ಕಾಯಿದೆಯೂ ಇದೇ ಜಾಡಿನಲ್ಲಿ ಸ್ವಾಧೀನ ಭೋಗ್ಯವನ್ನು ಅಡಮಾನದ ಒಂದು ಬಗೆಯೆಂದೇ ಎಣಿಸಿದೆ. ಮೊತ್ತ ನೂರು ರೂಪಾಯಿ ಮುಟ್ಟಿದರೆ ಸಾಕು, ಅಂಥ ಪತ್ರಕ್ಕೆ ಇಬ್ಬರು ಸಾಕ್ಷಿಗಳ ರುಜು ಇರಬೇಕು, ನೋಂದಣಿಯಾಗಬೇಕು ಎಂದು ಅದರ 59ನೆಯ ಪ್ರಕರಣ ಹೇಳುತ್ತದೆ. ಅದನ್ನು ಬಾಡಿಗೆಯ ಕರಾರೆಂದೇ ಕರೆದರೂ ಬಿಡುಗಡೆಯಿಲ್ಲ: ಒಂದು ವರ್ಷಕ್ಕೆ ಮೀರಿದ ಗುತ್ತಿಗೆ 1908ರ ನೋಂದಣಿ ಕಾಯಿದೆಯಂತೆ ನೋಂದಣಿಯಾಗಬೇಕು. ಬಾಡಿಗೆಯ ಪತ್ರಗಳೆಲ್ಲ ಹನ್ನೊಂದು ತಿಂಗಳಿಗೇ ನಿಲ್ಲುವುದರ ಗುಟ್ಟು ಇದೇ. ಆದರೆ ನಾನು ಓದಿಕೊಟ್ಟಿರುವ ಭೋಗ್ಯದ ಕರಾರುಗಳಲ್ಲಿ ಬಹುಪಾಲು ಮೂರು ವರ್ಷಕ್ಕೆ ಬರೆದವು, ಛಾಪಾ ಕಾಗದದ ಮೇಲೆ ಬೆರಳಚ್ಚು ಮಾಡಿದವು, ಯಾವ ಉಪನೋಂದಣಾಧಿಕಾರಿಯ ಕಣ್ಣಿಗೂ ಬೀಳದವು.

ಬ್ಯಾಂಕಿನ ಸಾಲವೂ ಭೋಗ್ಯವೂ ಒಂದೇ ಮನೆಯ ಮೇಲೆ ಬಂದು ಕುಳಿತಾಗ ಆಗುವ ಪರಿಣಾಮ ಬಹಳ ಜನಕ್ಕೆ ತಿಳಿದಿಲ್ಲ. ಅದೇ ಕಾಯಿದೆಗೆ 1929ರಲ್ಲಿ ಸೇರಿಸಿದ 65-ಎ ಪ್ರಕರಣ, ಸ್ವತ್ತನ್ನು ಅಡಮಾನವಿಟ್ಟ ಯಜಮಾನ ಅದನ್ನು ಬಾಡಿಗೆಗೆ ಕೊಡಬಹುದು ಎನ್ನುತ್ತದೆ. ಆದರೆ ಕೆಲವು ಕಟ್ಟುಗಳುಂಟು: ನ್ಯಾಯವಾಗಿ ಸಿಗಬಹುದಾದ ಅತ್ಯುತ್ತಮ ಬಾಡಿಗೆ ಗೊತ್ತುಮಾಡಿರಬೇಕು, ಇಡಿಗಂಟಾಗಿ ಹಣ ಪಡೆಯಬಾರದು, ಬಾಡಿಗೆಯನ್ನು ಮುಂಚಿತವಾಗಿ ಪಡೆಯಬಾರದು, ಕಟ್ಟಡದ ವಿಷಯದಲ್ಲಿ ಅವಧಿ ಮೂರು ವರ್ಷ ಮೀರಬಾರದು. ಬಾಡಿಗೆಯೇ ಇಲ್ಲದ, ಇಡಿಗಂಟೇ ಎಲ್ಲವೂ ಆದ ನಮ್ಮ ಭೋಗ್ಯ ಈ ಕಟ್ಟುಗಳೊಳಗೆ ಹೇಗೆ ಕೂತೀತು? ಸಾಲಪತ್ರದಲ್ಲಿ ಬ್ಯಾಂಕುಗಳು ತಮ್ಮ ಒಪ್ಪಿಗೆಯಿಲ್ಲದೆ ಕೊಡಕೂಡದೆಂದು ಇನ್ನಷ್ಟು ಬಿಗಿಮಾಡಿರುವುದೂ ಉಂಟು. ಕಂತು 90 ದಿನ ಮೀರಿ ಬಾಕಿಯಾದರೆ ಸಾಲ ವಸೂಲಾಗದ ಪಟ್ಟಿಗೆ ಸೇರುತ್ತದೆ. ಆಮೇಲೆ 2002ರ ಸರ್ಫೇಸಿ ಕಾಯಿದೆಯಂತೆ 60 ದಿನಗಳ ನೋಟೀಸು ಕೊಟ್ಟು, ನ್ಯಾಯಾಲಯದ ದಾವೆಯಿಲ್ಲದೆಯೇ ಬ್ಯಾಂಕು ಕಟ್ಟಡವನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಆಗ ಭೋಗ್ಯದಾರನ ಕೈಯಲ್ಲಿ ಉಳಿಯುವುದು ಯಜಮಾನನ ಮೇಲೆ ಹಣದ ದಾವೆ ಹೂಡುವ ಹಕ್ಕು ಮಾತ್ರ. ಅದೂ ಸಾಲುಗಟ್ಟಿ ನಿಂತವರಲ್ಲಿ ಕೊನೆಯವನಾಗಿ.

ನಮ್ಮ ಬಡಾವಣೆಯಲ್ಲಿ ಹೀಗಾಯಿತು. ಯಂತ್ರದ ಮುಂದೆ ನಿಂತು ಮೂವತ್ತು ವರ್ಷ ದುಡಿದಿದ್ದ ಒಬ್ಬರು, ಅವರ ಪತ್ನಿ. ನಿವೃತ್ತಿಯ ಹಣದಲ್ಲಿ 12 ಲಕ್ಷ ಕೊಟ್ಟು ಎರಡನೆಯ ಅಂತಸ್ತಿನ ಮನೆಯನ್ನು ಭೋಗ್ಯಕ್ಕೆ ಪಡೆದಿದ್ದರು. ತಿಂಗಳು ತಿಂಗಳು ಬಾಡಿಗೆಯ ಚಿಂತೆಯಿಲ್ಲ, ಹಣ ಎಲ್ಲಿಗೂ ಹೋಗುವುದಿಲ್ಲ ಎಂಬ ನೆಮ್ಮದಿ. ಒಂದು ದಿನ ಗೇಟಿನ ಕಂಬಕ್ಕೆ ಬ್ಯಾಂಕಿನ ನೋಟೀಸು ಅಂಟಿಕೊಂಡಿತು. ಆಕೆ ಆ ಇಂಗ್ಲಿಷ್ ಕಾಗದವನ್ನೂ ತಮ್ಮ ಕರಾರನ್ನೂ ತಂದು ನನ್ನ ಮುಂದಿಟ್ಟು, 'ಇದರಲ್ಲಿ ನಮ್ಮ ಹಣ ಎಲ್ಲಿ ಬರೆದಿದೆ, ತೋರಿಸಿ ಅಣ್ಣ' ಎಂದರು. ನೋಟೀಸಿನಲ್ಲಿ ಅದು ಎಲ್ಲಿಯೂ ಇರಲಿಲ್ಲ. ಕಟ್ಟಡದ ಯಜಮಾನ ಕೆಟ್ಟವನಲ್ಲ. ಎರಡು ಮನೆ ಭೋಗ್ಯಕ್ಕೆ ಹಾಕಿದ್ದ, ಉಳಿದೆರಡರ ಬಾಡಿಗೆ ಕಂತಿಗೆ ಸಾಲದೆ ಹೋಯಿತು. ಊರಿನ ಹೊಲ ಮಾರಿ ಎರಡು ಸಲಕ್ಕೆ 7 ಲಕ್ಷ ತಂದುಕೊಟ್ಟ. ಮಿಕ್ಕ 5 ಲಕ್ಷಕ್ಕೆ ಪ್ರಾಮಿಸರಿ ನೋಟು ಬರೆದುಕೊಟ್ಟ. ದಂಪತಿಗಳು ಈಗ ಮಗನ ಮನೆಯ ಒಂದು ಕೋಣೆಯಲ್ಲಿದ್ದಾರೆ. ಆ ನೋಟು ಅವರ ಟ್ರಂಕಿನಲ್ಲಿದೆ.

ಇಡಿಗಂಟು ಕೊಟ್ಟು ಬಾಡಿಗೆಯಿಲ್ಲದೆ ಇರುವ ಈ ಪದ್ಧತಿ ನಮ್ಮದೊಂದೇ ಅಲ್ಲ. ದಕ್ಷಿಣ ಕೊರಿಯಾದಲ್ಲಿ 'ಜೊನ್ಸೆ' ಎಂಬ ಹೆಸರಿನಿಂದ ಇದು ಬಹಳ ವ್ಯಾಪಕವಾಗಿದೆ. ಅಲ್ಲಿ 1981ರಲ್ಲಿಯೇ ಬಾಡಿಗೆದಾರರ ರಕ್ಷಣೆಗೆ ಕಾಯಿದೆ ಬಂತು. ಮನೆಗೆ ಬಂದು, ವಾಸದ ವಿಳಾಸವನ್ನು ಸರ್ಕಾರದಲ್ಲಿ ದಾಖಲಿಸಿ, ಕರಾರಿನ ಮೇಲೆ ಅಧಿಕೃತ ತಾರೀಕಿನ ಮುದ್ರೆ ಹಾಕಿಸಿಕೊಂಡವನಿಗೆ, ಆ ತಾರೀಕಿನ ಅನಂತರ ಬಂದ ಸಾಲಿಗರಿಗಿಂತ ಮೊದಲ ಹಕ್ಕು. ಆದರೂ 2022-23ರಲ್ಲಿ ಮನೆಗಳ ಬೆಲೆ ಇಳಿದಾಗ ಅಲ್ಲಿನ ಎಷ್ಟೋ ಯಜಮಾನರು ಇಡಿಗಂಟನ್ನು ಹಿಂದಿರುಗಿಸಲಾರದೆ ಹೋದರು. ನೊಂದವರ ನೆರವಿಗೆಂದೇ 2023ರಲ್ಲಿ ವಿಶೇಷ ಶಾಸನ ಮಾಡಬೇಕಾಯಿತು. ಕಾನೂನಿನ ಕೊಡೆ ಇದ್ದ ಕಡೆಯೇ ಹಾಗಾದರೆ, ಬರಿಯ ನಂಬಿಕೆಯ ಮೇಲೆ ನಡೆಯುವ ನಮ್ಮ ಕಡೆಯ ಮಾತೇನು? ಈಚೆಗೆ ನಮ್ಮ ನಗರದಲ್ಲಿ ಮಧ್ಯವರ್ತಿಗಳೂ ಹುಟ್ಟಿಕೊಂಡಿದ್ದಾರೆ. ಯಜಮಾನನಿಗೆ ತಿಂಗಳ ಬಾಡಿಗೆ ಕೊಡುತ್ತೇವೆಂದು ಮನೆ ಪಡೆದು, ವಾಸಕ್ಕೆ ಬಂದವರಿಂದ ಲಕ್ಷಗಟ್ಟಲೆ ಭೋಗ್ಯ ಪಡೆದು, ಕೆಲವು ತಿಂಗಳಲ್ಲಿ ಕಣ್ಮರೆಯಾದವರ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಯಜಮಾನನ ಮುಖ ಕಾಣದೆ ಭೋಗ್ಯದ ಹಣ ಕೊಡುವುದು ಸರ್ವಥಾ ಸಲ್ಲದು.

ಹಾಗಾದರೆ ಬಾಡಿಗೆಗೆಂದು ಮನೆ ಕಟ್ಟುವುದೇ ಬೇಡವೆ? ಕಟ್ಟಬೇಕು. ಊರಿಗೆ ಬಂದವರು ಎಲ್ಲಿರಬೇಕು? ಆದರೆ ಕೆಳಗಿನಿಂದ ಆರಂಭಿಸಬೇಕು, ಅಂದರೆ ನೆಲದಿಂದ. ನಮ್ಮ ಸುತ್ತಿನಲ್ಲಿ ಎಷ್ಟೋ ನಿವೇಶನಗಳು ಭೂಪರಿವರ್ತನೆಯಾಗದ ಕಂದಾಯ ಜಮೀನಿನಲ್ಲಿ ಹುಟ್ಟಿದವು. ಬಿ ಖಾತೆಯ ಸ್ವತ್ತಿಗೆ ಸಾಲ ಕೊಡಲು ದೊಡ್ಡ ಬ್ಯಾಂಕುಗಳು ಹಿಂಜರಿಯುತ್ತವೆ. ಕೊಡುವ ಕಡೆ ಬಡ್ಡಿ ಹೆಚ್ಚು. ಬೆಂಗಳೂರಿನಲ್ಲಿ ಸ್ವತ್ತಿನ ನೋಂದಣಿಗೆ 2024ರಲ್ಲಿ ಇ-ಖಾತೆ ಕಡ್ಡಾಯವಾಯಿತು. ಬಿ ಖಾತೆಯನ್ನು ಎ ಖಾತೆಯಾಗಿ ಮಾರ್ಪಡಿಸುವ ಯೋಜನೆಯನ್ನೂ ಸರ್ಕಾರ 2025ರಲ್ಲಿ ಪ್ರಕಟಿಸಿತು. ಕಾಗದ ಸರಿಪಡಿಸಿಕೊಳ್ಳುವ ಖರ್ಚನ್ನು ಕಟ್ಟಡದ ಮೊದಲ ಖರ್ಚೆಂದು ಬರೆದುಕೊಳ್ಳಬೇಕು. ಮಂಜೂರಾದ ನಕ್ಷೆಗೆ ಮೀರಿ ಎಬ್ಬಿಸಿದ ಅಂತಸ್ತಿನ ಬಾಡಿಗೆಯನ್ನು ಲೆಕ್ಕಕ್ಕೆ ಸೇರಿಸಿಕೊಳ್ಳದಿರುವುದು ಲೇಸು. ಅಂತಸ್ತುಗಳನ್ನು ಒಂದೇ ಉಸಿರಿಗೆ ಮುಗಿಸಬೇಕೆಂಬ ನಿಯಮವೇನಿಲ್ಲ. ತಳಪಾಯವನ್ನು ಮೂರಕ್ಕೆ ಹಾಕಿ, ಒಂದನ್ನು ಕಟ್ಟಿ, ಎರಡು ವರ್ಷ ಅದರ ಬಾಡಿಗೆಯ ಏರಿಳಿತ ನೋಡಿ ಮುಂದುವರಿಯುವವರು ನಿದ್ರೆಗೆಡುವುದನ್ನು ನಾನು ಕಂಡಿಲ್ಲ.

ಬಾಡಿಗೆದಾರರಿಂದ ಹತ್ತು ತಿಂಗಳ ಮುಂಗಡ ಪಡೆಯುವ ಬೆಂಗಳೂರಿನ ರೂಢಿಯೂ ಸಣ್ಣ ಪ್ರಮಾಣದ ಭೋಗ್ಯವೇ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳ ಮುಂಗಡ ಸಾಕೆನ್ನುತ್ತದೆ. ರಾಜ್ಯಗಳು ತಮ್ಮ ಶಾಸನ ಮಾಡಿಕೊಂಡಲ್ಲಿ ಮಾತ್ರ ಅದು ನಡೆಯತಕ್ಕದ್ದು. ಕಾಯಿದೆ ಇರಲಿ ಬಿಡಲಿ, ಪಡೆದ ಮುಂಗಡವನ್ನು ಬ್ಯಾಂಕಿನಲ್ಲಿ ಠೇವಣಿಯಾಗಿ ಇಟ್ಟು ಮುಟ್ಟದಿರುವವನಿಗೆ ಒಕ್ಕಲು ಬಿಡುವ ದಿನ ಮುಖ ಮರೆಸಿಕೊಳ್ಳುವ ಪ್ರಮೇಯ ಬರುವುದಿಲ್ಲ.

ಇನ್ನು ಭೋಗ್ಯಕ್ಕೆ ಕೊಡಲೇಬೇಕಾದ ಸಂದರ್ಭ ಬಂದರೆ, ಉಳಿದ ಮನೆಗಳ ಬಾಡಿಗೆಯಿಂದ ಬ್ಯಾಂಕಿನ ಕಂತು ಸಲ್ಲುವುದೋ ಇಲ್ಲವೋ ನೋಡಿಕೊಂಡು, ಒಂದು ಮನೆಗೆ ನಿಲ್ಲಿಸಬೇಕು. ಬ್ಯಾಂಕಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಬೇಕು. ಮನೆಯ ಮೇಲೆ ಇಂಥ ಬ್ಯಾಂಕಿನಲ್ಲಿ ಇಷ್ಟು ಸಾಲವಿದೆ ಎಂಬುದನ್ನು ಪತ್ರದಲ್ಲಿಯೇ ಕಾಣಿಸಬೇಕು. ಪಡೆಯುವವರು ಋಣಭಾರ ಪ್ರಮಾಣಪತ್ರ ತೆಗೆಸಿ ನೋಡಬೇಕು. ಹಕ್ಕುಪತ್ರಗಳನ್ನು ಬ್ಯಾಂಕಿನಲ್ಲಿ ಇರಿಸಿ ಪಡೆದ ಸಾಲ ಕೆಲವೊಮ್ಮೆ ಅದರಲ್ಲಿ ಕಾಣದೆ ಹೋಗಬಹುದು. ಅಂಥ ಅಡಮಾನಗಳನ್ನು ದಾಖಲಿಸಲೆಂದೇ 2011ರಲ್ಲಿ ಆರಂಭವಾದ ಸೆರ್ಸಾಯ್ ಎಂಬ ಕೇಂದ್ರ ನೋಂದಣಿಯಲ್ಲಿ ಸಣ್ಣ ಶುಲ್ಕ ಕೊಟ್ಟು ಯಾರು ಬೇಕಾದರೂ ಹುಡುಕಬಹುದು. ಪತ್ರವನ್ನು ನೋಂದಣಿ ಮಾಡಿಸಲು ಇಬ್ಬರೂ ಹಿಂದೆಗೆಯುವುದು ಮುದ್ರಾಂಕ ಶುಲ್ಕದ ಭಾರಕ್ಕೆ. ಅದನ್ನು ಯಜಮಾನನೂ ಭೋಗ್ಯದಾರನೂ ಅರ್ಧರ್ಧ ಹಾಕಿಕೊಳ್ಳಲಿ ಎಂದು ನಮ್ಮಲ್ಲಿಗೆ ಬರುವವರಿಗೆ ಹೇಳುತ್ತಿದ್ದೇನೆ. ಈಚೆಗೆ ಇಬ್ಬರು ಮೂವರು ಹಾಗೆಯೇ ಮಾಡಿದ್ದಾರೆ.